ಅಟ್ಟದ ಮೇಲಿನ ಹಾಳೆ

ಮೊನ್ನೆ ಭಾನುವಾರ ಅಟ್ಟ ಕ್ಲೀನ್ ಮಾಡ್ತಿದ್ದೆ. ಅಮ್ಮನ ಕಾಯಿ ತುರಿಯುವ ಮಣೆ ಸಿಕ್ಕಿತು. ಅದರ ಪಕ್ಕದ ಫೈಲಿನಲ್ಲಿ ಹಳದಿಯಾದ ಒಂದು ಜೆರಾಕ್ಸ್ ಹಾಳೆ. 1996ರದ್ದು.

ನಾವು ಮಣಿನಗರಕ್ಕೆ ಬಂದು ಮೂವತ್ತು ವರ್ಷ ದಾಟಿತು. ಅಪ್ಪ ಹೋದ ಮೇಲೆ ಅಮ್ಮನನ್ನೂ ಪುತ್ತೂರಿನಿಂದ ಇಲ್ಲಿಗೇ ಕರೆತಂದೆ. ಬಂದ ವರ್ಷವೇ ಬಿ.ಪಿ. ಇದೆ ಅಂತ ಗೊತ್ತಾಗಿ, ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಈ ಹಾಳೆ ಕೊಟ್ಟಿದ್ದರು. ಗುಜರಾತಿಯಲ್ಲಿತ್ತು, ನಾನೇ ಓದಿ ಹೇಳಿದ್ದು. ತೆಂಗಿನಕಾಯಿ ಬಂದ್. ತುಪ್ಪ ಬಂದ್, ಬೇಕೇ ಬೇಕೆಂದರೆ ವನಸ್ಪತಿ. ಕಾರಣ ಒಂದೇ ಶಬ್ದ: ಕೊಲೆಸ್ಟರಾಲ್.

ಪುತ್ತೂರಿನವರಿಗೆ ತೆಂಗಿನಕಾಯಿ ಬಿಡಿ ಅಂದರೆ ಹೇಗೆ ಹೇಳಿ! ತಂಬುಳಿ ಇಲ್ಲ, ಮೇಲಾರ ಇಲ್ಲ, ಚಟ್ನಿ ಇಲ್ಲ... ಅಮ್ಮ ಮಾತ್ರ "ಡಾಕ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ ಮಗಾ" ಅಂದು ಮಣೆಯನ್ನು ಪೇಪರಿನಲ್ಲಿ ಸುತ್ತಿಟ್ಟರು.

ಈಗ ಓದಿದರೆ ಸಿಟ್ಟು ಬರುತ್ತೆ. ಕೊಲೆಸ್ಟರಾಲ್ ಬರುವುದು ಪ್ರಾಣಿಜನ್ಯ ಆಹಾರದಿಂದ, ತೆಂಗಿನಕಾಯಿಂದಲ್ಲ. ಕಾಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ನಿಜ. ಕಡಿಮೆ ಮಾಡಿ ಅಂದಿದ್ದರೆ ನನ್ನದೇನೂ ತಕರಾರಿಲ್ಲ. ಆದರೆ ವನಸ್ಪತಿ? ಅದು ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು, ಅದರಲ್ಲಿ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಅಂತ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟನ್ 1990ರಲ್ಲೇ ತೋರಿಸಿದ್ದರು. ಅಂದರೆ ನಮ್ಮ ಹಾಳೆಗಿಂತ ಆರು ವರ್ಷ ಮುಂಚೆ! ನಮ್ಮ ದೇಶದಲ್ಲಿ ಅದಕ್ಕೆ ಶೇ. 2ರ ಮಿತಿ ಬಂದದ್ದು 2022ರ ಜನವರಿಯಲ್ಲಿ.

ಇನ್ನೊಂದು ತಮಾಷೆ. ಬಿ.ಪಿ. ಪೇಶೆಂಟಿಗೆ ಕೊಟ್ಟ ಹಾಳೆಯಲ್ಲಿ ಉಪ್ಪಿನ ಸುದ್ದಿಯೇ ಇಲ್ಲ. ಚಟ್ನಿ ಹೋದ ಜಾಗಕ್ಕೆ ಅಮ್ಮ ಉಪ್ಪಿನಕಾಯಿ ತಂದುಕೊಂಡರು. ಜೊತೆಗೆ ಹಪ್ಪಳ, ಸಂಜೆಗೆ ಗಾಂಠಿಯಾ. ನಾವೂ ಸುಮ್ಮನಿದ್ದೆವು, ಹಾಳೆಯಲ್ಲಿ ಇಲ್ಲವಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆಯೇ? 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 17 ಸೂತ್ರಗಳ ಮಾರ್ಗಸೂಚಿ ಹೊರತಂದಿತು. ಊಟದ ಹಿಂದೆಮುಂದೆ ಒಂದು ಗಂಟೆ ಕಾಫಿ-ಚಾ ಬೇಡ, ಕಬ್ಬಿಣಾಂಶ ಸರಿಯಾಗಿ ಹೀರಲ್ಪಡುವುದಿಲ್ಲ ಅಂತ ಅದರಲ್ಲೊಂದು ಮಾತಿದೆ. ನನ್ನ ಮೊಬೈಲಿಗೆ ಅದು ತಲುಪಿದ್ದು "ಕಾಫಿ ವಿಷ, ಸರ್ಕಾರವೇ ಹೇಳಿದೆ" ಅಂತ! ಕಾಂಕರಿಯಾದಲ್ಲಿ ಜೊತೆಗೆ ವಾಕ್ ಮಾಡುವ ಕಾಕಾ ಒಬ್ಬರು ದಿನಾ ಬೆಳಿಗ್ಗೆ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿ ಅನ್ನುತ್ತಾರೆ. ಅದೇ ಹಾಳೆ, ತಿರುಗಿಸಿ ಹಿಡಿದದ್ದು ಅಷ್ಟೇ.

ಅಮ್ಮ 2009ರಲ್ಲಿ ಸ್ಟ್ರೋಕ್ ಆಗಿ ಹೋದರು. ಈ ಹಾಳೆಯಿಂದಲೇ ಆಯಿತು ಅಂತ ಹೇಳಲಾರೆ. ಹಾಗೆ ಹೇಳಿದರೆ ನಾನೂ ಅದನ್ನು ಬರೆದವರ ಸಾಲಿಗೇ ಸೇರುತ್ತೇನೆ. ಆದರೆ ಹೋಗುವ ಹಿಂದಿನ ವರ್ಷ ಬೂದುಗುಂಬಳ ತಂದಿದ್ದ ದಿನ, "ಒಂದು ಚೂರು ಕಾಯಿ ಹಾಕಿ ಮೇಲಾರ ಮಾಡಲಾ? ಹಾಳೆಯಲ್ಲಿ ಏನಿದೆ ನೋಡು ಮಗಾ" ಅಂದಿದ್ದರು.

ನೋಡಿ, ಬೇಡ ಅಂದಿದ್ದೆ.