ಒಂದೇ ವಾಲ್ಯೂಮ್‌ನಲ್ಲಿ ಕೇಳಿದಾಗ

ಯಾವ ಹೆಡ್‌ಫೋನ್ ಒಳ್ಳೇದು ಅಂತ ಹಾಸ್ಟೆಲ್‌ನಲ್ಲಿ ಒಮ್ಮೆ ಕೇಳಿ ನೋಡಿ. ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಅದರಲ್ಲಿ ಇಬ್ಬರಾದರೂ ಊಟ ಬಿಟ್ಟು ವಾದಕ್ಕೆ ನಿಲ್ತಾರೆ. ಆದರೆ "ಹೋಲಿಸಿದ್ದು ಹೇಗೆ?" ಅಂತ ಯಾರೂ ಕೇಳೋದಿಲ್ಲ. ಲ್ಯಾಬಿನಲ್ಲಿ ಒಂದು ರೆಸಿಸ್ಟರ್ ಬದಲಾಯಿಸಿದರೂ ಉಳಿದದ್ದೆಲ್ಲ ಹಾಗೇ ಇದೆಯಾ ಅಂತ ನೋಡೋ ನಾವು, ಕಿವಿಯ ವಿಷಯ ಬಂದಾಗ ಆ ಶಿಸ್ತನ್ನೆಲ್ಲ ಗೇಟಿನ ಹೊರಗೆ ಇಡ್ತೀವಿ.

ನಮ್ಮ ನಾಲ್ವರಿಗೆ ಇದು ಬರೀ ಹರಟೆಯಾಗಿ ಉಳಿಯಲಿಲ್ಲ. ನಮ್ಮಲ್ಲೊಬ್ಬ ಧಾರವಾಡದವನು. ಇಂಟರ್ನ್‌ಶಿಪ್ ಸ್ಟೈಪೆಂಡಿನಲ್ಲಿ ಉಳಿಸಿದ 30 ಸಾವಿರ ಅವನ ಕೈಯಲ್ಲಿತ್ತು. ಮನೇಲಿ ತಂಗಿಯ ಪಿಯುಸಿ ಫೀಸಿನ ಎರಡನೇ ಕಂತು ಬಾಕಿ ಇತ್ತು. ಇನ್ನೊಂದು ಕಡೆ ಕಿವಿಯ ಚಿಂತೆ. ಆರು ತಿಂಗಳು ದಿನಾ ಎರಡು ಗಂಟೆ ಬಸ್ ಪ್ರಯಾಣ, ಇಂಜಿನ್ ಸದ್ದನ್ನು ಮೀರಿಸೋಕೆ ಪೂರ್ತಿ ಏರಿಸಿದ ವಾಲ್ಯೂಮ್. ಈಗ ರಾತ್ರಿ ಲೈಟ್ ಆರಿಸಿದ ಮೇಲೆ ಕಿವಿಯೊಳಗೆ ಕುಂಯ್ ಅನ್ನೋ ಸದ್ದು. ಡಾಕ್ಟರು ಪರೀಕ್ಷೆ ಮಾಡಿ, "ಸದ್ಯಕ್ಕೆ ಹೆದರೋದು ಬೇಡ, ಆದರೆ ಸದ್ದು ಇಳಿಸಲೇಬೇಕು" ಅಂದಿದ್ದರು. ದುಬಾರಿ ವೈರ್‌ಲೆಸ್ ಹೆಡ್‌ಫೋನ್ ಕೊಂಡರೆ ಆ ದುಡ್ಡಿಗೆ ನಿಜವಾಗಿ ಏನು ಸಿಗುತ್ತೆ ಅನ್ನೋದು ಅವನ ಪ್ರಶ್ನೆ. ಉತ್ತರ ಹುಡುಕೋದು ನಮ್ಮ ಕೆಲಸವಾಯ್ತು.

ಸೀನಿಯರ್‌ಗಳನ್ನೂ ನೆಂಟರನ್ನೂ ಕಾಡಿ ಮೂರು ಹೆಡ್‌ಫೋನ್ ಸಾಲ ತಂದೆವು: ಸೋನಿ ಡಬ್ಲ್ಯುಎಚ್-1000ಎಕ್ಸ್ಎಂ5, ಸೆನ್‌ಹೈಸರ್ ಮೊಮೆಂಟಮ್ 4, ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್. ಮೊದಲೆರಡೂ 2022ರವು. ಮೂರನೆಯದು 2020ರದ್ದು, ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 59,900 ರೂಪಾಯಿ. ಇವುಗಳ ಪಕ್ಕ 500 ರೂಪಾಯಿಯ ಒಂದು ವೈರ್ ಇಯರ್‌ಫೋನನ್ನೂ ಇಟ್ಟೆವು.

ಮೊದಲ ಕೆಲಸ ವಾಲ್ಯೂಮ್ ಸರಿಸಮ ಮಾಡೋದು. ಇದು ಯಾಕೆ ಮುಖ್ಯ ಅಂದ್ರೆ, 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ ಹಾಗೆ, ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸೋದಿಲ್ಲ. ವಾಲ್ಯೂಮ್ ಏರಿದ ಹಾಗೆ ಬೇಸ್ ತುಂಬಿಕೊಳ್ಳುತ್ತೆ, ಹಾಡಿಗೆ ಮೈ ಬರುತ್ತೆ. ಹಾಗಾಗಿ ಎರಡು ಹೆಡ್‌ಫೋನ್‌ಗಳಲ್ಲಿ ಒಂದು ಸ್ವಲ್ಪವೇ ಜೋರಾಗಿದ್ದರೂ ಅದೇ "ಕ್ವಾಲಿಟಿ" ಅನ್ನಿಸಿಬಿಡುತ್ತೆ. ಅಂಗಡಿಯಲ್ಲಿ ಒಂದು ನಿಮಿಷ ಹಾಕಿ ನೋಡಿ ತೀರ್ಮಾನಿಸೋದು ಇದಕ್ಕೇ ಕಷ್ಟ. ನಾವು ಒಂದು ದಪ್ಪ ರಟ್ಟಿಗೆ ತೂತು ಕೊರೆದು ಸೌಂಡ್ ಲೆವೆಲ್ ಮೀಟರ್‌ನ ಮೈಕನ್ನು ಅದರಲ್ಲಿ ಕೂರಿಸಿ, ಹೆಡ್‌ಫೋನಿನ ಕಪ್ಪನ್ನು ರಟ್ಟಿಗೆ ಒತ್ತಿ, ಒಂದೇ ನಾಯ್ಸ್ ಫೈಲ್ ನುಡಿಸಿ ಅಳೆದೆವು. ಬ್ಲೂಟೂತ್ ವಾಲ್ಯೂಮಿನ ಮೆಟ್ಟಿಲುಗಳು ದೊಡ್ಡವು, ಆದರೂ ಮೂರನ್ನೂ ಒಂದು ಡೆಸಿಬೆಲ್ ಅಂತರದೊಳಗೆ ತಂದೆವು. ಆಮೇಲೆ ಕೇಳುವವನ ಕಣ್ಣಿಗೆ ಟವೆಲ್ ಕಟ್ಟಿ, ಇನ್ನೊಬ್ಬ ಹೆಡ್‌ಫೋನ್ ತೊಡಿಸಿದ. ತೂಕದಿಂದ ಗುರುತು ಸಿಗೋದು ತಪ್ಪಲಿಲ್ಲ. ಸೋನಿ 250 ಗ್ರಾಂ, ಏರ್‌ಪಾಡ್ಸ್ ಮ್ಯಾಕ್ಸ್ 384 ಗ್ರಾಂ. ತಲೆಗೆ ಅದು ಗೊತ್ತಾಗುತ್ತೆ.

ಕೇಳಿದ್ದು ಮೂರು: ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಹಂಸಲೇಖ ಸಂಗೀತದ 1987ರ 'ಪ್ರೇಮಲೋಕ'ದ ಹಾಡು, ಮತ್ತು ನಮ್ಮ ಉಡುಪಿ ಗೆಳೆಯನ ಹಟಕ್ಕೆ ಮಣಿದು ಯಕ್ಷಗಾನದ ಚೆಂಡೆ. ವೀಣೆಯ ಮೀಟು ಮುಗಿದ ಮೇಲೂ ಉಳಿಯೋ ನಾದ, ಚೆಂಡೆಯ ಪೆಟ್ಟಿನ ಚೂಪು, ಹಾಡಿನಲ್ಲಿ ದನಿಗೂ ಬೇಸ್‌ಗೂ ನಡುವಿನ ಜಾಗ, ಇವನ್ನು ಗಮನಿಸಿ ಅಂಕ ಕೊಡಬೇಕಿತ್ತು.

ವ್ಯತ್ಯಾಸ ಇತ್ತು, ಇಲ್ಲ ಅನ್ನೋಕಾಗಲ್ಲ. ಸೋನಿಯ ಬೇಸ್ ದುಂಡಗೆ, 'ಪ್ರೇಮಲೋಕ'ಕ್ಕೆ ಹೇಳಿ ಮಾಡಿಸಿದ ಹಾಗೆ. ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ಚೆಂಡೆಯ ಪೆಟ್ಟು ಬಿಡಿಬಿಡಿಯಾಗಿ ಕೇಳಿತು. ಸೆನ್‌ಹೈಸರ್‌ನಲ್ಲಿ ವೀಣೆಯ ನಾದ ಇಂಪಾಗಿ ನಿಂತಿತು. ಆದರೆ ಹಾಡು ಬದಲಾದ ಹಾಗೆ ಮೊದಲ ಸ್ಥಾನವೂ ಬದಲಾಯ್ತು, ನಾಲ್ವರ ಪಟ್ಟಿ ಒಮ್ಮೆಯೂ ಒಂದೇ ಆಗಲಿಲ್ಲ. ಬೆಲೆಯ ಕ್ರಮಕ್ಕಂತೂ ಯಾರ ಪಟ್ಟಿಯೂ ಹೊಂದಲಿಲ್ಲ. ಇದು ನಮ್ಮ ರೂಮಿನ ವಿಚಿತ್ರವೇನಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನ್‌ಗಳ ಅಳತೆ ನೋಡಿ, ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಬೆಲೆಗೂ ಸಂಬಂಧ ಕಾಣಲಿಲ್ಲ ಅಂತ ಪ್ರಕಟಿಸಿದ್ದಾರೆ.

ಮುಂದಿನದು ಕೋಡೆಕ್. ಸಿಡಿಯ ಡೇಟಾ ಸೆಕೆಂಡಿಗೆ 1,411 ಕಿಲೋಬಿಟ್. ಎಲ್ಲ ಬ್ಲೂಟೂತ್ ಹೆಡ್‌ಫೋನಿನಲ್ಲೂ ಇರಲೇಬೇಕಾದ ಎಸ್‌ಬಿಸಿ ಸಾಮಾನ್ಯವಾಗಿ 328ರವರೆಗೆ ಹೋಗುತ್ತೆ. ಸೋನಿಯ ಎಲ್‌ಡಿಎಸಿ 990ರವರೆಗೆ. ಕಾಗದದ ಮೇಲೆ ಮೂರು ಪಟ್ಟು! ಒಂದೇ ಹೆಡ್‌ಫೋನಿನಲ್ಲಿ, ಫೋನಿನ ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಕೋಡೆಕ್ ಬದಲಾಯಿಸುತ್ತಾ, ಕಣ್ಣು ಕಟ್ಟಿದವನಿಗೆ ಯಾವುದು ಅಂತ ಕೇಳಿದೆವು. ಹತ್ತರಲ್ಲಿ ಐದಾರು ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರ್ತಿತ್ತು. "ಇದರಾಗ ಏನೂ ಫರಕ್ ಇಲ್ಲಲೇ," ಅಂದ ಧಾರವಾಡದವನು.

ಫರಕ್ ಎದ್ದು ಕಂಡಿದ್ದು ಬೇರೆ ಕಡೆ. ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಸಾಮಾನ್ಯವಾಗಿ ಕರೆಯ ಮೋಡ್‌ಗೆ ಇಳಿಯುತ್ತೆ. ಅಲ್ಲಿ ಸ್ಯಾಂಪ್ಲಿಂಗ್ 8 ಅಥವಾ 16 ಕಿಲೋಹರ್ಟ್ಸ್. ನೈಕ್ವಿಸ್ಟ್ ನೆನಪಿಸಿಕೊಳ್ಳಿ, 4 ಅಥವಾ 8 ಕಿಲೋಹರ್ಟ್ಸ್ ಮೇಲಿನದ್ದೆಲ್ಲ ಹೋಯ್ತು. ಪ್ಲೇಸ್‌ಮೆಂಟ್‌ನ ಆನ್‌ಲೈನ್ ಇಂಟರ್ವ್ಯೂ ಇದ್ದರೆ ಆ 500 ರೂಪಾಯಿ ವೈರೇ ವಾಸಿ.

ಕೊನೆಯ ಪರೀಕ್ಷೆ ಸಿಟಿ ಬಸ್ಸಿನಲ್ಲಿ, ಇಂಜಿನ್ ಹತ್ತಿರದ ಸೀಟಿನಲ್ಲಿ. ಇಲ್ಲಿ ಕಣ್ಣು ಕಟ್ಟೋ ಅಗತ್ಯವೇ ಬರಲಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಒತ್ತಿದರೆ ಆ ಗುಂಯ್‌ಗುಡುವ ಸದ್ದು ಕೆಳಗೆ ಕುಸಿಯುತ್ತೆ. 1978ರಲ್ಲಿ ಅಮರ್ ಬೋಸ್ ವಿಮಾನದಲ್ಲಿ ಕೂತು ಲೆಕ್ಕ ಹಾಕಲು ಶುರು ಮಾಡಿದ ಐಡಿಯಾ ಇದು: ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದರ ತಲೆಕೆಳಗಾದ ಅಲೆಯನ್ನು ಕಿವಿಯ ಹತ್ತಿರ ಹೊರಡಿಸೋದು. 100 ಹರ್ಟ್ಸ್ ಸದ್ದಿನ ಅಲೆಯುದ್ದ 3.4 ಮೀಟರ್. ಲೆಕ್ಕಕ್ಕೆ ತುಸು ತಡವಾದರೂ ಎರಡು ಅಲೆಗಳೂ ಒಂದನ್ನೊಂದು ಅಳಿಸುತ್ತವೆ. 5 ಕಿಲೋಹರ್ಟ್ಸ್‌ಗೆ ಅದು 7 ಸೆಂಟಿಮೀಟರಿಗಿಂತ ಕಡಿಮೆ, ಅಷ್ಟೇ ತಡ ಅಲ್ಲಿ ಆಟ ಕೆಡಿಸುತ್ತೆ. ಅದಕ್ಕೇ ಇಂಜಿನ್ ಮಾಯವಾದರೂ ಕಂಡಕ್ಟರ್ ವಿಸಿಲ್ ಮಾಯವಾಗಲ್ಲ.

ಆಗ ಧಾರವಾಡದವನು ತಾನಾಗೇ ವಾಲ್ಯೂಮ್ ಇಳಿಸಿದ. ಪೂರ್ತಿ ಇದ್ದದ್ದು ಅರ್ಧಕ್ಕಿಂತ ಕೆಳಗೆ ಬಂತು, ಹಾಡು ಸ್ಪಷ್ಟವಾಗೇ ಕೇಳ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ 80 ಡೆಸಿಬೆಲ್‌ಗೆ ವಾರಕ್ಕೆ 40 ಗಂಟೆ, 90ಕ್ಕೆ ಬರೀ 4 ಗಂಟೆ. ಮೂರು ಡೆಸಿಬೆಲ್ ಏರಿದರೆ ಶಕ್ತಿ ಎರಡರಷ್ಟು, ಸಮಯ ಅರ್ಧ. ಒಳಗಿವಿಯಲ್ಲಿ ಸದ್ದು ಹಿಡಿಯೋ ಕೂದಲಿನಂಥ ಜೀವಕೋಶಗಳು ಸುಮಾರು 15 ಸಾವಿರ ಇವೆ. ಸತ್ತರೆ ಮತ್ತೆ ಹುಟ್ಟಲ್ಲ. ಹಾಗಾಗಿ ನಮ್ಮ ಲೆಕ್ಕದಲ್ಲಿ ದುಬಾರಿ ಹೆಡ್‌ಫೋನಿನ "ಸೌಂಡ್ ಕ್ವಾಲಿಟಿ"ಯ ದೊಡ್ಡ ಪಾಲು ಅದು ನುಡಿಸೋ ಸದ್ದಿನಲ್ಲಿಲ್ಲ, ತಡೆಯೋ ಸದ್ದಿನಲ್ಲಿದೆ. ಬೇಸ್ ಹೆಚ್ಚುಕಮ್ಮಿ ಆದರೆ ಆ್ಯಪ್‌ನ ಈಕ್ವಲೈಸರ್‌ನಲ್ಲಿ ತಿದ್ದಬಹುದು. ಬಸ್ಸಿನ ಇಂಜಿನ್ನಿಗೆ ಈಕ್ವಲೈಸರ್ ಇಲ್ಲ.

ಅವನು ಕೊಂಡದ್ದು ಈ ಮೂರರಲ್ಲಿ ಯಾವುದನ್ನೂ ಅಲ್ಲ. ಎಂಟು ಸಾವಿರದೊಳಗಿನ, ಇಂಜಿನ್ ಸದ್ದನ್ನು ಚೆನ್ನಾಗಿ ತಡೆಯೋ ಒಂದನ್ನು ಅದೇ ಬಸ್ಸಿನಲ್ಲಿ ಹಾಕಿ ನೋಡಿ ತಗೊಂಡ. ತಂಗಿಯ ಫೀಸು ಕಟ್ಟಿಯೂ ಸ್ವಲ್ಪ ಉಳಿಯಿತು. ಕಿವಿಯ ಕುಂಯ್ ಪೂರ್ತಿ ಹೋಗಿಲ್ಲ, ಕೆಲವು ರಾತ್ರಿ ಬರುತ್ತೆ, ಕೆಲವು ರಾತ್ರಿ ಇಲ್ಲ ಅಂತಾನೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಹೋಗೋದಿದೆ.

ಹೆಡ್‌ಫೋನ್ ಕೊಳ್ಳೋ ಯೋಚನೆ ಇರುವವರು ಎರಡು ಮೂರು ಸಾಲ ತಂದು ನಮ್ಮ ಬ್ಲಾಕಿಗೆ ಬನ್ನಿ. ತೂತಿನ ರಟ್ಟು ಇನ್ನೂ ಇದೆ, ಟವೆಲ್ ಒಗೆದಿಟ್ಟಿದ್ದೀವಿ.