ಯೇಊರಿನ ಅತ್ತಿಮರಕ್ಕೆ ಬರುವ ಮಂಗಟ್ಟೆ

ಏಪ್ರಿಲ್ ಕೊನೆಯ ವಾರ. ಠಾಣೆ ಸ್ಟೇಷನ್ನಿನಿಂದ ಹೊರಟ ಬಸ್ಸು ಉಪವನ ಕೆರೆ ದಾಟಿ ಏರುದಾರಿ ಹಿಡಿಯುತ್ತದೆ. ಗುಡ್ಡದ ಮೇಲೆ ಯೇಊರು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಕಡೆಯ ಮಗ್ಗುಲು. ಬೆಳಿಗ್ಗೆ ಏಳಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ಕಾಲಡಿ ಒಣಗಿದ ತೇಗದೆಲೆ ಚರಚರ ಎನ್ನುತ್ತದೆ. ಬೋಳು ಮರಗಳ ನಡುವೆ ಒಂದು ಅತ್ತಿಮರ ಮಾತ್ರ ಕಾಂಡದ ತುಂಬ ಹಣ್ಣು ಹೊತ್ತು ನಿಂತಿದೆ. ಅಲ್ಲೇ ದೂರದಲ್ಲಿ ಕೂತುಬಿಡಿ.

ಮೊದಲು ಕೇಳುವುದು ಕೀರಲು ಕೂಗು. ಹದ್ದಿರಬೇಕು ಎಂದು ತಲೆ ಎತ್ತಿದರೆ ಆಕಾಶ ಖಾಲಿ. ಅಷ್ಟರಲ್ಲಿ ಬೂದುಬಣ್ಣದ ಹಕ್ಕಿಯೊಂದು ಪಟಪಟ ರೆಕ್ಕೆ ಬಡಿದು, ಒಂದಿಷ್ಟು ತೇಲಿ, ಮತ್ತೆ ಬಡಿದು ಮರಕ್ಕೆ ಬಂದು ಕೂರುತ್ತದೆ. ಬಾಲವೂ ಸೇರಿ ಎರಡಡಿ ಉದ್ದ. ಬಾಗಿದ ಕೊಕ್ಕು, ಅದರ ಮೇಲೊಂದು ಪುಟ್ಟ ಕೊಂಬು, ಕೆಂಪು ಕಣ್ಣು. ಬೂದು ಮಂಗಟ್ಟೆಯ ಗಂಡು. ಇಲ್ಲಿನ ಮರಾಠಿಯವರಿಗೆ ಇದು ಧನೇಶ.

ಅವಸರವಿಲ್ಲದೆ ಕೊಂಬೆಯಿಂದ ಕೊಂಬೆಗೆ ನೆಗೆದು ಹಣ್ಣು ಆರಿಸುತ್ತದೆ. ಕೊಕ್ಕಿನ ತುದಿಯಲ್ಲಿ ಕಿತ್ತ ಹಣ್ಣನ್ನು ಹಾಗೇ ನುಂಗಲಾರದು, ನಾಲಿಗೆ ಅಷ್ಟು ಗಿಡ್ಡ. ಹಣ್ಣನ್ನು ಮೇಲಕ್ಕೆ ಚಿಮ್ಮಿ, ಬಾಯಿ ತೆರೆದು ಗಂಟಲಿಗೆ ಬೀಳಿಸಿಕೊಳ್ಳುತ್ತದೆ. ಒಂದು, ಎರಡು, ಐದು, ಎಂಟು. ಗಂಟಲು ಉಬ್ಬುತ್ತದೆ. ಇಷ್ಟೂ ಅದರ ಹೊಟ್ಟೆಗಲ್ಲ.

ಅದು ಹಾರಿದ ದಿಕ್ಕಿಗೆ ದುರ್ಬೀನು ತಿರುಗಿಸಿ. ಹಳೆಯ ಮರವೊಂದರ ಕಾಂಡಕ್ಕೆ ಆತುಕೊಂಡಿದೆ. ಪೊಟರೆಯ ಬಾಯಿ ಮುಚ್ಚಿದೆ. ಉಳಿದಿರುವುದು ಉದ್ದನೆಯ ಸೀಳು ಮಾತ್ರ. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಇಣುಕುತ್ತದೆ. ಗಂಡು ಕತ್ತು ಕುಲುಕಿ, ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು ಆ ತುದಿಗೆ ಕೊಡುತ್ತದೆ.

ಗೋಡೆ ಕಟ್ಟಿಕೊಂಡವಳು ಒಳಗಿರುವ ಹೆಣ್ಣೇ. ಗಂಡು ತಂದ ಮಣ್ಣಿನುಂಡೆಗೆ ತನ್ನ ಹಿಕ್ಕೆ ಬೆರೆಸಿ ಮೆತ್ತಿದ್ದಾಳೆ. ಒಳಗೆ ಮೊಟ್ಟೆಗೆ ಕಾವು ಕೊಡುವ ಹೊತ್ತಿಗೆ ಅವಳ ರೆಕ್ಕೆಯ ಗರಿಗಳು ಉದುರಿಹೋಗುತ್ತವೆ. ಅವು ಮತ್ತೆ ಬೆಳೆಯುವ ಹೊತ್ತಿಗೆ ಮರಿಗಳೂ ಬಲಿಯುತ್ತವೆ, ಆಗ ಗೋಡೆ ಒಡೆಯುತ್ತದೆ. ಅಲ್ಲಿಯವರೆಗೆ ಇಡೀ ಸಂಸಾರ ಹೊರಗಿನವನ ಗಂಟಲನ್ನೇ ನಂಬಿದೆ. ಅವನು ಸತ್ತರೆ ಒಳಗಿನವರಿಗೆ ಉಪವಾಸವೇ ಗತಿ.

ಮುಂಬಯಿ ಬಳಿ ಈ ಹಕ್ಕಿಯನ್ನು ಅಭ್ಯಾಸ ಮಾಡಿದವರ ಹಣ್ಣಿನ ಪಟ್ಟಿಯಲ್ಲಿ ಅತ್ತಿ-ಆಲದ ಜಾತಿಯ ಮರಗಳಿವೆ, ಕವಳಿಯೂ ಇದೆ. ಮೇ ತಿಂಗಳಲ್ಲಿ ಆದಿವಾಸಿ ಹೆಂಗಸರು ಠಾಣೆಯ ಬೀದಿಗೆ ತಂದು ಮಾರುವ ಕರವಂದ ಅದೇ ಹಣ್ಣು. ನಮ್ಮಂಥವರಿಗೆ ವಿಷವಾದ ಹಳದಿ ಕಣಗಿಲೆಯ ಕಾಯನ್ನೂ ಮಂಗಟ್ಟೆ ಅರಗಿಸಿಕೊಳ್ಳುತ್ತದೆ. ಹಾಗೆಂದು ಶುದ್ಧ ಸಸ್ಯಾಹಾರಿಯಲ್ಲ. ಹಲ್ಲಿ, ಹುಳ, ಸಿಕ್ಕರೆ ಗಿಳಿಮರಿಯನ್ನೂ ಬಿಡುವುದಿಲ್ಲ.

ಮುಂಬಯಿಗೂ ಮಂಗಟ್ಟೆಗೂ ಹಳೆಯ ನಂಟು, ಅದರಲ್ಲಿ ಕನ್ನಡನಾಡಿನದೂ ಪಾಲಿದೆ. 1894ರಲ್ಲಿ ಕಾರವಾರದಿಂದ ಮಂಗಟ್ಟೆಯ ಬಳಗದ ಗ್ರೇಟ್ ಹಾರ್ನ್‌ಬಿಲ್ ಮರಿಯೊಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಬಂತು. ವಿಲಿಯಂ ಎಂಬ ಹೆಸರಿನಲ್ಲಿ ಅದು 26 ವರ್ಷ ಅಪೊಲೊ ಸ್ಟ್ರೀಟಿನ ಕಚೇರಿಯಲ್ಲಿ, ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಮಿಲಾರ್ಡ್ ಅವರ ಕುರ್ಚಿಯ ಹಿಂದಿನ ಪಂಜರದಲ್ಲಿ ಬದುಕಿ 1920ರಲ್ಲಿ ಸತ್ತಿತು. ಸೊಸೈಟಿಯ ಲಾಂಛನದಲ್ಲಿರುವುದು ಅದೇ ಹಕ್ಕಿ, ಕಟ್ಟಡದ ಹೆಸರೂ ಹಾರ್ನ್‌ಬಿಲ್ ಹೌಸ್.

ಪಂಜರದ ಹಕ್ಕಿಗೆ ಊಟ ಹಾಕಲು ಜನರಿದ್ದರು. ಯೇಊರಿನ ಹಕ್ಕಿಗೆ ಬೇಕಾದದ್ದು ಎರಡೇ: ಹಣ್ಣಿನ ಮರ, ಪೊಟರೆ ಬಿದ್ದ ಮುದಿ ಮರ. ಮಂಗಟ್ಟೆಗೆ ಮರಕುಟಿಗನ ಹಾಗೆ ಮರ ಕೊರೆಯಲು ಬರುವುದಿಲ್ಲ. ಮೊದಲೇ ಇರುವ ಪೊಟರೆಯೇ ಆಗಬೇಕು. ಇಂದು ನೆಟ್ಟ ಸಸಿಯಲ್ಲಿ ಪೊಟರೆ ಬೀಳಲು ದಶಕಗಳು ಬೇಕು.

ಗೂಡು ಕಂಡರೆ ಕ್ಯಾಮೆರಾ ಹಿಡಿದು ಬುಡಕ್ಕೆ ಹೋಗಬೇಡಿ. ಜನರಿದ್ದರೆ ಗಂಡು ಹತ್ತಿರ ಸುಳಿಯದು, ಒಳಗಿನವರು ಹಸಿದಿರುತ್ತಾರೆ. ಠಾಣೆಯಲ್ಲಿರಲಿ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿರಲಿ, ನಿಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಹಳೆಯ ಆಲ, ಅತ್ತಿ ಕಡಿಯುವ ಮಾತು ಬಂದರೆ ಎದ್ದು ನಿಂತು ಬೇಡ ಎನ್ನಿ. ಮಹಾರಾಷ್ಟ್ರದ 1975ರ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಅದು ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು.