ಹದಿನೆಂಟು ಸಾವಿರದ ವಯರ್

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಈಶ್ವರಮಂಗಲದ ಕಡೆ ಯಕ್ಷಗಾನಕ್ಕೆ ಮನೆಯ ಸ್ಪೀಕರೇ ಗತಿ. ಹೊರಗೆ ಜಡಿಮಳೆ, ಒಳಗೆ ಭಾಗವತರ ಪದ. ಸ್ವರ ಚೆನ್ನಾಗಿ ಕೇಳಬೇಕೆಂಬ ಆಸೆ ನನ್ನಂಥ ಅಜ್ಜಂದಿರಿಗೂ ಇದೆ.

ನೆರೆಮನೆಯ ಭಾವನಿಗೆ ಈ ಆಸೆ ಇನ್ನೂ ಹೆಚ್ಚು. ಆಂಪ್ಲಿಫೈಯರಿನಿಂದ ಗೋಡೆಯ ಪ್ಲಗ್ಗಿಗೆ ಹೋಗುವ ವಯರ್ ಬದಲಿಸಿದರೆ ಚೆಂಡೆಯ ಪೆಟ್ಟು ಎದುರಿಗೇ ನಿಂತು ಕೇಳಿದಂತಾಗುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಬೆರಳು ದಪ್ಪದ, ಒಂದೂವರೆ ಮೀಟರ್ ಉದ್ದದ ವಯರ್. ಬೆಲೆ 18,000 ರೂಪಾಯಿ! ಪರೀಕ್ಷಿಸಲು ನಾಲ್ಕು ದಿನಕ್ಕೆ ತಂದಿದ್ದರು. ಅಡಿಕೆ ಮಾರಿದ ಹಣವನ್ನು ಅದಕ್ಕೆ ಹಾಕುವುದೋ ಬೇಡವೋ ಎಂಬುದು ಅವರ ಚಿಂತೆ.

ಏಳನೇ ತರಗತಿಯ ನನ್ನ ಮೊಮ್ಮಗಳು ಕೇಳಿದಳು: "ಅಜ್ಜಾ, ಕಂಬದಿಂದ ಮನೆವರೆಗೆ ಹಳೆ ವಯರೇ ಅಲ್ವಾ? ಕೊನೆಯ ತುಂಡು ಮಾತ್ರ ಹೊಸತಾದ್ರೆ ಎಂತ ಆಗ್ತದೆ?"

ಒಳ್ಳೆಯ ಪ್ರಶ್ನೆ. ವಿದ್ಯುತ್ತು ಗುಡ್ಡ, ತೋಟ ದಾಟಿ ಮೈಲುಗಟ್ಟಲೆ ತಂತಿಯಲ್ಲಿ ಬರುತ್ತದೆ. ಆ 230 ವೋಲ್ಟ್ ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಆಂಪ್ಲಿಫೈಯರಿನೊಳಗೆ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ, ಡಯೋಡುಗಳು ಒಂದೇ ದಿಕ್ಕಿಗೆ ಹರಿಸುತ್ತವೆ, ಕೆಪಾಸಿಟರುಗಳು ಏರಿಳಿತವನ್ನು ತಗ್ಗಿಸುತ್ತವೆ. ಪಂಪು ಹೇಗೇ ನೀರೆತ್ತಲಿ, ಟಾಂಕಿ ತುಂಬಿದ್ದರೆ ನಳ್ಳಿಯಲ್ಲಿ ಒಂದೇ ಸಮ ಬರುವುದಿಲ್ಲವೇ, ಹಾಗೆ. ಭಾಗವತರ ಪದ ಈ ವಯರಿನಲ್ಲಿ ಬರುವುದೇ ಇಲ್ಲ.

ಆದರೂ ಕಿವಿಯನ್ನೇ ಕೇಳೋಣ ಎಂದು ಪರೀಕ್ಷೆ ಹೂಡಿದೆವು. ಒಂದೇ ಪದ, ಒಂದೇ ವಾಲ್ಯೂಮ್, ಹತ್ತು ಸಲ. ಅಡ್ಡ ಕಟ್ಟಿದ ಬೆಡ್‌ಶೀಟಿನ ಹಿಂದೆ ನನ್ನ ಮಗ ನಾಣ್ಯ ಚಿಮ್ಮಿ, ಅದು ಬಿದ್ದಂತೆ ಹೊಸ ವಯರನ್ನೋ ಹಳೆಯದನ್ನೋ ಹಾಕುತ್ತಿದ್ದ. ಹಾಕಿದ್ದನ್ನೇ ಮತ್ತೆ ಹಾಕುವಾಗಲೂ ಸ್ವಿಚ್ ಆರಿಸಿ, ತೆಗೆದು, ಜೋಡಿಸುತ್ತಿದ್ದ. (ಮಕ್ಕಳೇ, ಈ ಕೆಲಸ ದೊಡ್ಡವರದು!)

ಭಾವ ಹೇಳಿದ್ದು ಆರು ಸರಿ. ಮುಖ ಅರಳಿತು. ಮೊಮ್ಮಗಳು ಇನ್ನೊಂದು ನಾಣ್ಯವನ್ನು ಹತ್ತು ಸಲ ಚಿಮ್ಮಿ ಅಪ್ಪನ ಪಟ್ಟಿಗೆ ಹೋಲಿಸಿದಳು. "ನಾಣ್ಯವೂ ಆರು ಸರಿ ಹೇಳ್ತು, ಅಜ್ಜಾ!"

ಲೆಕ್ಕವೂ ಅದನ್ನೇ ಹೇಳುತ್ತದೆ. ಸುಮ್ಮನೆ ಊಹಿಸಿದರೂ ಹತ್ತರಲ್ಲಿ ಆರು ಅಥವಾ ಹೆಚ್ಚು ಸರಿಯಾಗುವ ಸಂಭವ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಹತ್ತಕ್ಕೆ ಹತ್ತೂ ಸರಿಯಾಗುವುದು 1024ರಲ್ಲಿ ಒಮ್ಮೆ ಮಾತ್ರ. ಹಾಗೆ ಹೇಳಿದ್ದರೆ ನಾನೂ ಒಪ್ಪುತ್ತಿದ್ದೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಿಕೆ ಉಳಿಯಿತು, ಮಾರಾಯ್ರೆ" ಎಂದು ನಕ್ಕರು. ವಯರ್ ಹಿಂದೆ ಹೋಯಿತು.

ಹಾಗೆಂದು ವಯರನ್ನು ಕಡೆಗಣಿಸಬಾರದು. ಸವೆದದ್ದು, ಬಿಸಿಯಾಗುವುದು, ಪ್ಲಗ್ಗಿನಲ್ಲಿ ಸಡಿಲವಾದದ್ದು ಅಪಾಯ. ಐಎಸ್‌ಐ ಗುರುತಿನ ಸಾಧಾರಣ ವಯರ್, ಸರಿಯಾದ ಅರ್ತಿಂಗ್ ಸಾಕು. ನಮ್ಮ ಮುರಕಲ್ಲು ಮಣ್ಣು ಬೇಸಿಗೆಯಲ್ಲಿ ಒಣಗುವುದರಿಂದ ಅರ್ತಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಸಿಡಿಲಿನ ಸೂಚನೆ ಕಂಡಾಗಲೇ ಪ್ಲಗ್ ಕಿತ್ತಿಡಬೇಕು. ಎಷ್ಟು ದುಬಾರಿ ವಯರಾದರೂ ಸಿಡಿಲು ತಡೆಯದು.

ಸ್ವರ ಬದಲಾದದ್ದು ಖರ್ಚಿಲ್ಲದ ಉಪಾಯದಿಂದ. ಮೂಲೆಯ ಕಪಾಟಿನ ಮೇಲಿದ್ದ ಸ್ಪೀಕರುಗಳನ್ನು ಭಾವ ಕಿವಿಯ ಎತ್ತರಕ್ಕೆ ಇಳಿಸಿ, ಗೋಡೆಯಿಂದ ಮುಂದೆ ತಂದರು; ಟೈಲ್ಸಿನ ನೆಲಕ್ಕೆ ದಪ್ಪ ಜಮಖಾನ ಹಾಸಿದರು. ಚೆಂಡೆಯ ಮಾರ್ದನಿ ತಗ್ಗಿ, ಮದ್ದಳೆಯ ನುಡಿತ ಬೇರೆಯಾಗಿ ಕೇಳಿತು. ಅದಕ್ಕೆ ನಾಣ್ಯ ಚಿಮ್ಮಬೇಕಾಗಲಿಲ್ಲ.

ಮಕ್ಕಳೇ, ಇದೇ ಪರೀಕ್ಷೆಯನ್ನು ಮನೆಯ ಎರಡು ಬಗೆಯ ಕಾಫಿಪುಡಿಗೂ ಮಾಡಬಹುದು. ಅಜ್ಜಿಯ ಕಣ್ಣು ಕಟ್ಟಿ ಹತ್ತು ಗುಟುಕು ಕೊಡಿ. ಅಂಕ ಹಾಕುವಾಗ ಮಾತ್ರ ಅಜ್ಜಿಯೆಂದು ಕರುಣೆ ತೋರಿಸಬೇಡಿ!